‘ಸಾ’ ಅಕ್ಷರದ ದೇವದೂತ

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ವಿಮಾನ ಸ್ವಲ್ಪ ಅಲುಗಾಡಿದರೆ ಮನೆದೇವರಿಂದ ಹಿಡಿದು ನೆನಪಿಗೆ ಬಂದ ದೇವರನ್ನೆಲ್ಲ ಕರೆಯುತ್ತೇನೆ. ಮ್ಯಾನೇಜರ್ ‘ಒಂಚೂರು ಮಾತಾಡಬೇಕಿತ್ತು’ ಎಂದರೆ ಕೆಲಸ ಹೋಯಿತೆಂದೇ ನನ್ನ ಲೆಕ್ಕ. ಹೆಂಡತಿ ಇದಕ್ಕೆ ತದ್ವಿರುದ್ಧ. ಸಾಫ್ಟ್‌ವೇರ್ ಟೆಸ್ಟಿಂಗ್ ಅವಳ ಉದ್ಯೋಗ. ಎಲ್ಲಿ ಏನು ಕೆಡಬಹುದು ಎಂದು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವವಳು ಮನೆಗೆ ಬಂದಮೇಲೆ ಮಾತ್ರ ಏನೂ ಕೆಡುವುದಿಲ್ಲ ಎಂದು ಆರಾಮಾಗಿ ಕಾಲು ಚಾಚಿ ಕೂರುತ್ತಾಳೆ. ನಮ್ಮ ಮನೆಯಲ್ಲಿ ಹೆದರುವ ಖಾತೆ ಪೂರ್ತಿ ನನ್ನದು.

ಮದುವೆಯಾದ ಹೊಸದರಲ್ಲಿ ನಾವು ಸಿಡ್ನಿಯ ಗಿರಾವೀನ್‌ನಲ್ಲಿ ಬಾಡಿಗೆಗೆ ಇದ್ದೆವು. ಸ್ವಂತ ಮನೆ ಅಂದಾಗ ಸಿಡ್ನಿಯ ಬೆಲೆ ನಮ್ಮ ಕೈಗೆ ಎಟುಕಲಿಲ್ಲ. ಮೆಲ್ಬರ್ನ್‌ನ ಅಂಚಿನ ವಿಂಡಮ್ ವೇಲ್‌ನಲ್ಲಿ ಹೊಸ ಬಡಾವಣೆಯ ಮನೆ ಕೊಂಡು ಹೊರಟುಬಂದೆವು. ಆದರೆ ನನ್ನ ಆಫೀಸು ಸಿಡ್ನಿಯಲ್ಲೇ ಉಳಿಯಿತು. ಆಗೀಗ ಒಂದೆರಡು ದಿನ ಅಲ್ಲಿ ಮುಖ ತೋರಿಸಿ ಬರಬೇಕಿತ್ತು. ಅಂಥ ಒಂದು ಸಾಯಂಕಾಲ ನಾನು ನಮ್ಮ ದೇಶದವರ ಅಂಗಡಿಗಳೇ ತುಂಬಿರುವ ಹ್ಯಾರಿಸ್ ಪಾರ್ಕಿನ ಒಂದು ಅಂಗಡಿಯಲ್ಲಿ ಹೆಂಡತಿಯ ಸೀಮಂತಕ್ಕೆ ಹಸಿರು ಗಾಜಿನ ಬಳೆ ಆರಿಸುತ್ತ ನಿಂತಿದ್ದೆ. ಅಳತೆ ಗೊತ್ತಿರಲಿಲ್ಲ. ಅಂಗಡಿಯ ಆಂಟಿ ತನ್ನ ಕೈಯನ್ನೇ ಮುಂದೆ ಚಾಚಿ, ‘ಇಷ್ಟಾ? ಇದಕ್ಕಿಂತ ಸಣ್ಣದಾ?’ ಎಂದು ಹಿಂದಿಯಲ್ಲಿ ಕೇಳುತ್ತಿದ್ದಾಗ ಫೋನು ಬಂತು.

“ನೀರು ಹೋಗ್ತಿದೆ ಕಣೋ. ಆಂಬುಲೆನ್ಸ್ ಬಂದಿದೆ. ನೀನು ಹೆದರ್ಕೋಬೇಡ” ಎಂದಳು ಹೆಂಡತಿ. ಏಳನೇ ತಿಂಗಳು ಆಗಷ್ಟೇ ಶುರುವಾಗಿತ್ತು. ಬಳೆ ಅಲ್ಲೇ ಬಿಟ್ಟು ಓಡಿದೆ. ಸಿಡ್ನಿಯಿಂದ ಮೆಲ್ಬರ್ನ್‌ಗೆ ವಿಮಾನದಲ್ಲಿ ಕೂತಷ್ಟೂ ಹೊತ್ತು ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಅಷ್ಟು ಹೆದರಿದ್ದೆ.

ನಾನು ತಲುಪುವಷ್ಟರಲ್ಲಿ ಮಗ ಹುಟ್ಟಿದ್ದ. ಅಂಗೈಯಗಲ ಬೆನ್ನು, ನನ್ನ ಬೆರಳಿನಷ್ಟು ತೋಳು. ಚರ್ಮ ಎಷ್ಟು ತೆಳುವೆಂದರೆ ಒಳಗಿನ ನರಗಳೆಲ್ಲ ಕಾಣುತ್ತಿದ್ದವು. ಇನ್‌ಕ್ಯುಬೇಟರ್ ಎಂಬ ಆ ಪಾರದರ್ಶಕ ಪೆಟ್ಟಿಗೆಯ ಪಕ್ಕದಲ್ಲಿ ಎರಡು ದುಂಡನೆಯ ಕಿಂಡಿಗಳು. ಕೈ ತೊಳೆದು, ಮತ್ತೆ ತೊಳೆದು, ಆ ಕಿಂಡಿಯಿಂದ ಬೆರಳು ತೂರಿಸಿ ಮುಟ್ಟಬೇಕು. ಪೆಟ್ಟಿಗೆಯ ಮೇಲಿನ ಕಾರ್ಡಿನಲ್ಲಿ ‘ಇಂಥವಳ ಮಗು’ ಎಂದು ಹೆಂಡತಿಯ ಹೆಸರಷ್ಟೇ ಇತ್ತು. ಸುತ್ತ ಯಂತ್ರಗಳು ಒಂದಲ್ಲ ಒಂದು ಕೂಗುತ್ತಲೇ ಇರುತ್ತಿದ್ದವು. ಯಾವ ಕೂಗಿಗೆ ನರ್ಸ್ ಓಡಿಬರುತ್ತಾಳೆ, ಯಾವುದಕ್ಕೆ ಸುಮ್ಮನೆ ಗುಂಡಿ ಒತ್ತುತ್ತಾಳೆ ಎಂದು ತಿಳಿಯದೆ ನಾನು ಪ್ರತಿಯೊಂದಕ್ಕೂ ಎದ್ದು ನಿಲ್ಲುತ್ತಿದ್ದೆ.

ಪಕ್ಕದ ಪೆಟ್ಟಿಗೆಯಲ್ಲೂ ಗಂಡು ಮಗು, ನಮ್ಮವನಿಗಿಂತ ಒಂದಿಷ್ಟು ದಪ್ಪ. ಅದರ ತಾಯಿಗೆ ಇನ್ನೂ ಏಳಲಾಗುತ್ತಿರಲಿಲ್ಲವಾದ್ದರಿಂದ ಹಗಲೆಲ್ಲ ಅಲ್ಲಿ ಕೂರುತ್ತಿದ್ದವರು ಅವಳ ಅಮ್ಮ. ತಲೆಗೆ ನೀಲಿ ವಸ್ತ್ರ ಕಟ್ಟಿ, ಮನೆಯಿಂದ ತಂದ ದಿಂಬನ್ನು ಬೆನ್ನಿಗಿಟ್ಟುಕೊಂಡು, ಚಿಕ್ಕ ಪ್ರಾರ್ಥನೆ ಪುಸ್ತಕ ಹಿಡಿದು ತುಟಿಯಲ್ಲೇ ಓದುವ ಯಹೂದಿ ಅಜ್ಜಿ. ಮೆಲ್ಬರ್ನ್‌ನಲ್ಲಿ ಯಹೂದಿಗಳು ಹೆಚ್ಚಾಗಿರುವ ಕಾಲ್‌ಫೀಲ್ಡ್ ಕಡೆಯವರು. ಪೆಟ್ಟಿಗೆಯ ಕಾಲಿಗೆ ಒಂದು ಕೆಂಪು ದಾರ ಕಟ್ಟಿದ್ದರು. ಅದನ್ನು ನೋಡಿ ನನಗೆ ಧೈರ್ಯ ಬಂದು, ನಮ್ಮ ಪೆಟ್ಟಿಗೆಯ ಕಾಲಿಗೂ ಒಂದು ಕಪ್ಪು ದಾರ ಕಟ್ಟಿದೆ. ಅಜ್ಜಿ ಕನ್ನಡಕದ ಮೇಲಿಂದ ನೋಡಿ, “ನಿಮ್ಮಲ್ಲಿ ಕಪ್ಪಾ?” ಎಂದರು. ಹೂಂ ಎಂದೆ. “ಅದೂ ಕೆಲಸ ಮಾಡುತ್ತೆ” ಎಂದು ಮತ್ತೆ ಪುಸ್ತಕಕ್ಕೆ ಬಾಗಿದರು.

ಅತ್ತ ಊರಿನಲ್ಲಿ ನನ್ನ ಅಮ್ಮನಿಗೆ ಒಂದೇ ಚಿಂತೆ, ಹೆಸರು. ಅವಳು ಚಿತ್ರದುರ್ಗದ ಕಡೆಯವಳು. ವಿಡಿಯೋ ಕಾಲ್‌ನಲ್ಲಿ ಮಗುವನ್ನು ತೋರಿಸಿದರೆ ಕಣ್ಣೊರೆಸಿಕೊಂಡು, “ಸೂತಕ ಕಳೆದ ದಿನ ಹೆಸ್ರು ಕಿವೀಲಿ ಹೇಳ್ಬಿಡಪ್ಪ. ಹೆಸ್ರಿಲ್ದ ಕೂಸು ಇಲ್ಲೂ ಇರಲ್ಲ, ಅಲ್ಲೂ ಇರಲ್ಲ” ಎನ್ನುತ್ತಿದ್ದಳು. ಗಿರಾವೀನ್‌ನಲ್ಲಿದ್ದಾಗ ನಮ್ಮ ಮನೆಯ ಪೂಜೆಗಳನ್ನೆಲ್ಲ ಮಾಡಿಸುತ್ತಿದ್ದ ಪುರೋಹಿತರಿಗೆ ಫೋನು ಮಾಡಿ ಹುಟ್ಟಿದ ಹೊತ್ತು ಹೇಳಿದೆ. ಅವರು ವಾಟ್ಸಾಪ್‌ನಲ್ಲೇ ಉತ್ತರಿಸಿದರು. ಶತಭಿಷ ನಕ್ಷತ್ರ, ಎರಡನೇ ಪಾದ, ಅಕ್ಷರ ‘ಸಾ’.

ಇಲ್ಲಿ ನಮ್ಮವರು ಹೆಸರು ಹುಡುಕುವ ಕ್ರಮ ಗೊತ್ತಿರುವವರಿಗೆ ಗೊತ್ತು. ನಕ್ಷತ್ರದ ಅಕ್ಷರದಿಂದ ಶುರುವಾಗಬೇಕು. ಇಲ್ಲಿನವರ ನಾಲಗೆಯಲ್ಲಿ ಮುರಿಯಬಾರದು. ಬೀದಿಯಲ್ಲಿ ಕೂಗಿದರೆ ಬೇರೆ ನಾಲ್ಕು ಮನೆಯ ಮಕ್ಕಳು ತಿರುಗಿ ನೋಡಬಾರದು. ದೇವರಿಗೆ ಸಂಬಂಧಪಟ್ಟಿದ್ದರೆ ಅಜ್ಜಿಯರಿಗೂ ಸಮಾಧಾನ. ಹೆಂಡತಿ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಮಕ್ಕಳ ಹೆಸರಿನ ವೆಬ್‌ಸೈಟುಗಳನ್ನೆಲ್ಲ ಜಾಲಾಡಿದಳು. ಅದೊಂದೇ ಅವಳ ಕೈಯಲ್ಲಿದ್ದ ಕೆಲಸ. ಒಂದು ಮಧ್ಯಾಹ್ನ ಫೋನನ್ನು ನನ್ನ ಕಡೆ ತಿರುಗಿಸಿ, “ಇದು ನೋಡು. ಸಾಮಾಯೇಲ್. ಹೀಬ್ರೂ ಹೆಸರು, ಏಂಜೆಲ್ ಅಂತ ಅರ್ಥ ಕೊಟ್ಟಿದಾರೆ. ಯಾರೂ ಇಟ್ಟಿಲ್ಲ” ಎಂದಳು.

ಯಾರೂ ಏಕೆ ಇಟ್ಟಿಲ್ಲ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಅಮ್ಮ, “ದ್ಯಾವ್ರ ದೂತನೇನಪ್ಪ? ಇಡು ಇಡು, ಯಾವ ದ್ಯಾವ್ರಾದ್ರೇನು” ಎಂದಳು. ಪುರೋಹಿತರು, “ಅಕ್ಷರ ಸರಿಯಾಗಿದೆ, ಇಟ್ಕೊಳ್ಳಿ. ಈಗೆಲ್ಲ ಹೀಗೇ ಇಡೋದು” ಎಂದು ಹರಸಿದರು. ಅಕ್ಕಿಯ ಮೇಲೆ ಹೆಸರು ಬರೆಯುವ ಶಾಸ್ತ್ರಕ್ಕೆ ಅಲ್ಲಿ ಅವಕಾಶವಿರಲಿಲ್ಲ. ನರ್ಸ್ ಕಿಂಡಿ ತೆರೆದು, ಬೇಗ ಮುಗಿಸಿ ಎಂದಳು. ನಾನು ಬಾಗಿ ಮಗನ ಬಲಗಿವಿಯಲ್ಲಿ ಮೂರು ಸಲ ಆ ಹೆಸರು ಹೇಳಿದೆ. ಒಳಗಿನ ಬೆಚ್ಚನೆ ಗಾಳಿ ಮುಖಕ್ಕೆ ಬಡಿಯಿತು. ಗಾಲಿಕುರ್ಚಿಯಲ್ಲಿದ್ದ ಹೆಂಡತಿ, ಅಷ್ಟು ದಿನ ಗಟ್ಟಿಯಾಗಿದ್ದವಳು, ಆಗ ಅತ್ತಳು.

ಮಾರನೆಯ ದಿನ ಮಗನ ಬಣ್ಣ ಬದಲಾಯಿತು. ಬೆಳಿಗ್ಗೆ ಕೆಂಪಗಿದ್ದವನು ಮಧ್ಯಾಹ್ನಕ್ಕೆ ಬೂದಿ ಬಳಿದ ಹಾಗಾದ. ಉಸಿರು ನಡುನಡುವೆ ನಿಂತೇ ಹೋಗುತ್ತಿತ್ತು. ರಕ್ತಕ್ಕೆ ಸೋಂಕು ಹತ್ತಿದೆ, ಮುಂದಿನ ಎರಡು ಮೂರು ದಿನ ಏನನ್ನೂ ಹೇಳಲಾಗುವುದಿಲ್ಲ ಎಂದರು ಡಾಕ್ಟರ್. ಗಂಟಲಿಗೆ ಕೊಳವೆ ಹಾಕಿದರು. ನಾನು ಗೋಡೆ ಹಿಡಿದು ನಿಂತಿದ್ದೆ. ಪಕ್ಕದ ಅಜ್ಜಿ ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿದರು.

“ಮಗುವಿನ ಹೆಸರು ಹೇಳಿ, ತಾಯಿಯ ಹೆಸರೂ ಹೇಳಿ. ನನ್ನ ಪ್ರಾರ್ಥನೆಯಲ್ಲಿ ಸೇರಿಸ್ಕೋತೀನಿ” ಎಂದರು.

ಅಂಥ ಹೊತ್ತಿನಲ್ಲೂ ನನಗೊಂದು ಸಣ್ಣ ಹೆಮ್ಮೆ. ಇವರದೇ ಜನರ ದೇವದೂತನ ಹೆಸರಲ್ಲವೇ, ಖುಷಿಪಡುತ್ತಾರೆ ಎಂದುಕೊಂಡು ಹೇಳಿದೆ.

ಅಜ್ಜಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡರು. ಆಮೇಲೆ ಮೊದಲು ತಮ್ಮ ಮೊಮ್ಮಗನ ಪೆಟ್ಟಿಗೆಯ ಕಡೆ, ನಂತರ ನಮ್ಮ ಪೆಟ್ಟಿಗೆಯ ಕಡೆ ತಿರುಗಿ ಥೂ ಥೂ ಥೂ ಎಂದು ಗಾಳಿಗೆ ಉಗಿದಂತೆ ಮಾಡಿದರು. ದೃಷ್ಟಿ ತೆಗೆಯುವಾಗ ನಮ್ಮಮ್ಮ ಮಾಡುವುದೂ ಹಾಗೆಯೇ.

“ಇನ್ನೊಂದು ಸಲ ಆ ಹೆಸರು ಇಲ್ಲಿ ಹೇಳಬೇಡಿ. ಬನ್ನಿ ಆಚೆ” ಎಂದು ನನ್ನ ತೋಳು ಹಿಡಿದು ಹೊರಗೆ ಕರೆದೊಯ್ದರು. ತಂದೆತಾಯಂದಿರಿಗೆಂದು ಇದ್ದ ಕೋಣೆಯಲ್ಲಿ ಕೂರಿಸಿ, ನನಗೆ ಟೀ ಮಾಡಿಕೊಟ್ಟು, ತಾವು ಎದುರಿಗೆ ಕೂತರು. “ಯಾರು ಹೇಳಿಕೊಟ್ಟದ್ದು ನಿಮಗೆ?”

“ಇಂಟರ್ನೆಟ್‌ನಲ್ಲಿತ್ತು” ಎಂದೆ.

“ದೇವದೂತರ ಹೆಸರಲ್ಲಿ ಎರಡು ಥರ ಇದೆ ಡಾರ್ಲಿಂಗ್. ಮೀಕಾಯೇಲ, ಗಬ್ರಿಯೇಲ, ರಫಾಯೇಲ ಇವೆಲ್ಲ ಮನುಷ್ಯರೂ ಇಟ್ಟುಕೊಳ್ಳೋ ಹೆಸರು. ನನ್ನ ಅಣ್ಣನ ಹೆಸರೇ ಅದರಲ್ಲೊಂದು. ಇನ್ನು ಕೆಲವು ಇವೆ, ನಾವು ಬಾಯಲ್ಲಿ ಹೇಳೋದೂ ಇಲ್ಲ. ಹೇಳಲೇಬೇಕು ಅಂದರೆ ಒಂದೆರಡು ಅಕ್ಷರ ಹೇಳಿ ನಿಲ್ಲಿಸ್ತೀವಿ. ನೀವು ಇಟ್ಟಿರೋದು ಪ್ರಾಣ ತಗೊಂಡು ಹೋಗೋಕೆ ಬರೋನ ಹೆಸರು.”

“ಅಂದರೆ ಸೈತಾನನಾ?”

“ಕೆಲವರು ಹಾಗಂತಾರೆ. ಮೇಲಿಂದ ಬಿದ್ದವನು, ತನ್ನ ಜೊತೆಯವರನ್ನೂ ಬೀಳಿಸಿದವನು ಅಂತ. ನಮ್ಮಮ್ಮ ಹೇಳ್ತಿದ್ದದ್ದು ಬೇರೆ. ಅವನು ಬಿದ್ದವನಲ್ಲ, ದೇವರೇ ಕಳಿಸಿದವನು. ಅಪ್ಪಣೆ ತಗೊಂಡು ಬರ್ತಾನೆ, ಕೆಲಸ ಮುಗಿಸಿ ಹೋಗ್ತಾನೆ. ಬಿದ್ದವನಾದರೆ ಜಗಳ ಆಡಬಹುದಿತ್ತು. ದೇವರೇ ಕಳಿಸಿದವನ ಹತ್ತಿರ ಏನು ಮಾತು?”

ಮಗ ಮಲಗಿರುವಲ್ಲಿಗೆ ವಾಪಸ್ಸು ಹೋದಾಗ ನನಗೆ ಅವನ ಮುಖ ನೋಡಲು ಧೈರ್ಯ ಬರಲಿಲ್ಲ. ಮೂರು ಸಲ, ಸ್ಪಷ್ಟವಾಗಿ, ಬಲಗಿವಿಯಲ್ಲೇ ಹೇಳಿದ್ದೆ. ನಮ್ಮಲ್ಲಿ ಯಮನನ್ನು ಯಮಧರ್ಮರಾಯ ಎಂದು ಎಷ್ಟು ಗೌರವದಿಂದ ಕರೆದರೂ ಯಾರಾದರೂ ತೊಟ್ಟಿಲಲ್ಲಿ ಆ ಹೆಸರು ಕರೆಯುತ್ತಾರೆಯೇ? ನಾನು ಕರೆದಿದ್ದೆ, ಮಾರನೆಯ ದಿನವೇ ಬಂದಿದ್ದ.

ಅಂದು ಬಟ್ಟೆ ತರಲೆಂದು ರೈಲಿನಲ್ಲಿ ವಿಂಡಮ್ ವೇಲ್‌ಗೆ ಹೊರಟವನು ದಾರಿಯುದ್ದಕ್ಕೂ ಫೋನಿನಲ್ಲಿ ಓದಿದೆ. ಓದಬಾರದೆಂದು ಗೊತ್ತಿದ್ದೂ ಓದಿದೆ. ಹಳೆಯ ಧರ್ಮಗ್ರಂಥಗಳಲ್ಲಿ ಹೆಸರು ಹೇಳಿಕೊಂಡ ದೇವದೂತರೇ ಕಡಿಮೆಯಂತೆ. ಸೇನೆಯ ಮುಂದೆ ನಿಲ್ಲುವವನು ಮೀಕಾಯೇಲ. ಮಗು ಹುಟ್ಟುವ ಸುದ್ದಿ ತರುವವನು ಗಬ್ರಿಯೇಲ. ದಾರಿಹೋಕನ ವೇಷದಲ್ಲಿ ಜೊತೆಗೆ ನಡೆದು ಕುರುಡನಿಗೆ ಕಣ್ಣು ಕೊಡಿಸುವವನು ರಫಾಯೇಲ. ದೇವರು ಗುಣಪಡಿಸುತ್ತಾನೆ ಎಂಬುದೇ ಅವನ ಹೆಸರಿನ ಅರ್ಥ. ಮಿಕ್ಕವರು ಹೆಸರು ಕೇಳಿದರೆ ಹೇಳದೆ ಹೋಗಿಬಿಡುತ್ತಾರೆ. ಬಿದ್ದವರದು ಬೇರೆಯೇ ಸಂತೆ. ಮನುಷ್ಯರ ಹೆಣ್ಣುಮಕ್ಕಳಿಗೆ ಮನಸೋತು ಬೆಟ್ಟದ ಮೇಲಿಳಿದವರು, ಕತ್ತಿ ಮಾಡುವುದನ್ನೂ ಕಣ್ಣಿಗೆ ಕಾಡಿಗೆ ಹಚ್ಚುವುದನ್ನೂ ಕಲಿಸಿದವರು. ಅಜಾಜೇಲನೆಂಬವನನ್ನು ಕೈಕಾಲು ಕಟ್ಟಿ ಮರುಭೂಮಿಯ ಕಲ್ಲಿನಡಿ ಹಾಕಿದರು, ಜನರ ಪಾಪ ಹೊರಿಸಿದ ಹೋತವನ್ನು ಅವನಿದ್ದ ಕಡೆಗೇ ಅಟ್ಟುತ್ತಿದ್ದರು. ಇದನ್ನೆಲ್ಲ ಬೇರೆ ದಿನವಾಗಿದ್ದರೆ ಕಥೆ ಎಂದು ಓದುತ್ತಿದ್ದೆ. ಕೊನೆಗೆ ನಮ್ಮವನಿಗೆ ಇಟ್ಟ ಹೆಸರು ಸಿಕ್ಕಿತು. ರೋಗಿಯ ತಲೆಯ ಹತ್ತಿರ ನಿಲ್ಲುತ್ತಾನಂತೆ. ಮೈಯೆಲ್ಲ ಕಣ್ಣಂತೆ. ಕೈಯಲ್ಲಿ ಹಿರಿದ ಕತ್ತಿ, ಕತ್ತಿಯ ತುದಿಯಲ್ಲಿ ವಿಷದ ಒಂದೇ ಹನಿ.

ಆಮೇಲೆ ಆಸ್ಪತ್ರೆಯಲ್ಲಿ ಕೂತಾಗಲೆಲ್ಲ ಮಗನ ತಲೆಯ ಮೇಲಿನ ಡ್ರಿಪ್ಪಿನ ಹನಿ ನೋಡುವುದೇ ಆಯಿತು. ಅದು ಔಷಧ, ಅದರಿಂದಲೇ ಬದುಕಬೇಕು ಎಂದು ಗೊತ್ತಿತ್ತು. ಹನಿ ತುದಿಗೆ ಬಂದು ತೂಗುವಾಗ ನನ್ನ ಬಾಯಿ ಒಣಗುತ್ತಿತ್ತು.

ಹೆಂಡತಿಗೆ ಹೇಳಿದೆ. ಹೇಳದೆ ಇರುವುದು ನನ್ನಿಂದಾಗುವ ಕೆಲಸವಲ್ಲ. ಅವಳು ಹಾಲು ತೆಗೆಯುವ ಪಂಪಿನ ಬಿಡಿಭಾಗಗಳನ್ನು ತೊಳೆಯುತ್ತಿದ್ದಳು. ತಿರುಗಿ ನೋಡದೆಯೇ ಸಿಡಿದಳು. “ಸೆಪ್ಸಿಸ್ ಕಣೋ ಅದು. ಬ್ಯಾಕ್ಟೀರಿಯಾಗೂ ಒಂದು ಹೆಸರಿದೆ, ಡಾಕ್ಟರ್ ಹೇಳಿದಾರೆ. ಹೆದರ್ಲೇಬೇಕು ಅಂದ್ರೆ ಆ ಹೆಸರಿಗೆ ಹೆದರ್ಕೋ. ನನ್ನ ಮಗನ್ನ ಮಧ್ಯಕ್ಕೆ ಎಳೀಬೇಡ.”

ಅವಳು ಒಂದೊಂದೇ ಭಾಗವನ್ನು ಟವೆಲಿನ ಮೇಲೆ ಜೋಡಿಸಿಟ್ಟಳು. ನೀರು ನಿಲ್ಲಿಸಿದಳು. “ಆದ್ರೂ ಹೆಸರು ಬದಲಾಯಿಸು” ಎಂದಳು. ಅವಳೂ ಹೆದರಿದ್ದಾಳೆ ಎಂದು ಗೊತ್ತಾದ ಆ ಗಳಿಗೆಗಿಂತ ಹೆಚ್ಚು ಭಯ ನನಗೆ ಯಾವತ್ತೂ ಆಗಿಲ್ಲ.

ಕಿವಿಯಲ್ಲಿ ಹೇಳಿದ್ದನ್ನು ವಾಪಸ್ಸು ಪಡೆಯುವುದು ಹೇಗೆ? ಪುರೋಹಿತರಿಗೆ ಫೋನು ಮಾಡಿದೆ. ಅವರೂ ಪಾಪ ಗಾಬರಿಯಾದರು. “ವಾಪಸ್ ತಗೊಳ್ಳೋಕೆ ಅಂತ ಮಂತ್ರ ಇಲ್ಲ ಇವ್ರೇ. ಆದ್ರೆ ನಮ್ಮಲ್ಲಿ ಒಬ್ಬನಿಗೆ ಒಂದೇ ಹೆಸರು ಅಂತ ಎಲ್ಲಿದೆ? ಇನ್ನೊಂದನ್ನ ಮೇಲಿಡಿ. ಅದನ್ನೇ ಕರೀರಿ” ಎಂದರು. ಯಹೂದಿ ಅಜ್ಜಿ ಹೇಳಿದ್ದೂ ಅದನ್ನೇ. ಅವರಲ್ಲಿ ಕಾಯಿಲೆ ಬಿದ್ದವರ ಹೆಸರು ಬದಲಿಸುವ ರೂಢಿಯೇ ಇದೆಯಂತೆ. “ಬರೋನು ಹೆಸರು ಹಿಡಿದು ಬರ್ತಾನೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತಾದರೆ ತಿರುಗಿ ಹೋಗಲೇಬೇಕು.”

“ನಿಮ್ಮ ಮಗುವಿನ ಹೆಸರೇನು?” ಎಂದು ಆಗ ಕೇಳಿದೆ. ಅವರ ಕಾರ್ಡಿನಲ್ಲೂ ತಾಯಿಯ ಹೆಸರಷ್ಟೇ ಇತ್ತು.

“ನಮ್ಮವನಿಗೆ ಹೆಸರೇ ಇಲ್ಲ” ಎಂದು ಅಜ್ಜಿ ಮೊದಲ ಸಲ ನಕ್ಕರು. “ಗಂಡು ಮಗುವಿಗೆ ಸುನ್ನತಿ ಆಗೋ ದಿನ ಹೆಸರಿಡೋದು. ಇಷ್ಟು ಪುಟ್ಟ ಮಗುವಿಗೆ ಮಾಡೋ ಹಾಗಿಲ್ಲ, ಗಟ್ಟಿಯಾಗೋವರೆಗೂ ಮುಂದಕ್ಕೆ. ಹೆಸರೇ ಇಲ್ಲದವನನ್ನು ಯಾರು ಹೇಗೆ ಕರೆದುಕೊಂಡು ಹೋಗ್ತಾರೆ ಹೇಳಿ?”

ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ನಾವು ಅವಸರ ಮಾಡಿದ್ದೆವು.

ಅಮ್ಮನಿಗೆ ವಿಷಯ ತಿಳಿದದ್ದೇ ತಡ, ಅವಳು ಅಳಲಿಲ್ಲ, ಬೈಯಲಿಲ್ಲ. ಇಂಥ ಹೊತ್ತಿಗೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. “ತಿಪ್ಪೆಗೆ ಹಾಕಿ ಎತ್ಕೊಳ್ಳಿ” ಎಂದಳು. ಅವಳ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಇಡುತ್ತಿದ್ದರು. ಯಾರದೋ ಬೇಡದ ಕೂಸು ಎಂಬಂತೆ ಒಂದು ಹಿಡಿ ತೌಡು ಕೊಟ್ಟು ಕೊಂಡು ತರುತ್ತಿದ್ದರು. ಆಮೇಲೆ ಅದರ ಹೆಸರು ತಿಪ್ಪ. ಕಸಕ್ಕೆ ಯಾವ ಯಮ ಕೈ ಹಾಕುತ್ತಾನೆ ಎಂಬ ಲೆಕ್ಕ. ನನ್ನ ಸೋದರಮಾವನೊಬ್ಬ ಹಾಗೆ ಉಳಿದವನು. ಇವತ್ತಿಗೂ ಬುಲೆಟ್ ಓಡಿಸುತ್ತಾನೆ.

“ವಿಂಡಮ್ ವೇಲ್‌ನಲ್ಲಿ ತಿಪ್ಪೆ ಎಲ್ಲಿ ತರ್ಲಮ್ಮ?” ಎಂದೆ.

“ಕಸ ಎಲ್ ಹಾಕ್ತೀರಿ?”

ಹೀಗೆ ಒಂದು ಬೆಳಿಗ್ಗೆ ನಮ್ಮ ಮನೆ ಮುಂದೆ, ಹುಲ್ಲು ಸೊಪ್ಪು ಹಾಕುವ ಹಸಿರು ಮುಚ್ಚಳದ ಕೌನ್ಸಿಲ್‌ನ ಕಸದ ಬಿನ್ನಿನ ಹತ್ತಿರ ನಾನು ನಿಂತೆ, ಗೇಟಿನ ಹತ್ತಿರ ಹೆಂಡತಿ. ಮಗುವನ್ನು ತರುವ ಹಾಗಿಲ್ಲವಾದ್ದರಿಂದ ಅವನ ತಲೆಯ ಪುಟ್ಟ ಉಲ್ಲನ್ ಟೋಪಿ ತಂದಿದ್ದೆ. ಮೊರ ಇರಲಿಲ್ಲ, ಕೇಕ್ ಸುಡುವ ತಟ್ಟೆ. ತೌಡಿಗೆ ಸೂಪರ್ ಮಾರ್ಕೆಟ್ಟಿನ ಓಟ್ಸ್ ತೌಡಿನ ಪೊಟ್ಟಣ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಗಾಳಿ ಹೊಡೆತಕ್ಕೆ ಟೋಪಿ ಹಾರಿ ಹೋಗದಂತೆ ಒಂದು ಬೆರಳಿನಿಂದ ಒತ್ತಿಹಿಡಿದು, ತಟ್ಟೆಯನ್ನು ಬಿನ್ನಿನೊಳಗಿನ ಹುಲ್ಲಿನ ಮೇಲಿಟ್ಟೆ. ಫೋನಿನಿಂದ ಅಮ್ಮ ಕೂಗಿದಳು. “ನೀನು ಪಕ್ಕಕ್ಕೆ ಸರಿಯೋ. ಅವಳು ಕೇಳ್ಲಿ. ಹೆತ್ತೋಳ್ ಥರ ಅಲ್ಲ, ದಾರೀಲಿ ಹೋಗೋಳ್ ಥರ ಕೇಳ್ಬೇಕು!”

ಹೆಂಡತಿ ಬರುವುದೇ ಇಲ್ಲ ಎಂದುಕೊಂಡಿದ್ದೆ. ಹೊಟ್ಟೆಯ ಹೊಲಿಗೆ ಇನ್ನೂ ನೋಯುತ್ತಿತ್ತು. ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು ಗೇಟಿನ ಹತ್ತಿರದಿಂದ ನಡೆದು ಬಂದಳು. ಬಿನ್ನಿನೊಳಗೆ ಬಗ್ಗಿ ನೋಡಿ, ನನ್ನನ್ನು ಕಂಡೇ ಇಲ್ಲವೆಂಬಂತೆ ಕೇಳಿದಳು. “ಇದು ಯಾರದ್ರೀ?”

“ಯಾರದೂ ಅಲ್ಲ. ಕಸ” ಎಂದೆ, ಅಮ್ಮ ಹೇಳಿಕೊಟ್ಟ ಹಾಗೆ.

“ನಂಗೆ ಕೊಡ್ತೀರಾ?” ಎಂದಳು. ಒಂದು ಹಿಡಿ ತೌಡು ನನ್ನ ಕೈಗೆ ಸುರಿದು, ಟೋಪಿ ಎತ್ತಿ ಎದೆಗೆ ಒತ್ತಿಕೊಂಡು ಮನೆಯೊಳಗೆ ಹೋದಳು. ದೇವದೂತರನ್ನೂ ಬ್ಯಾಕ್ಟೀರಿಯಾವನ್ನೂ ಬೇರೆಬೇರೆ ಇಟ್ಟಿದ್ದವಳು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತದ್ದು ನನಗೆ ಕೇಳಿಸಿತು. ಟೋಪಿಯನ್ನು ಬಿಸಿನೀರಿನಲ್ಲಿ ಕುದಿಸಿದ್ದೂ ಅವಳೇ.

ಮಧ್ಯಾಹ್ನ ಕಿಂಡಿಯಲ್ಲಿ ಬಾಗಿ ಮಗನ ಕಿವಿಯಲ್ಲಿ ತಿಪ್ಪ ಎಂದೆ. ನರ್ಸ್ ಅರ್ಥ ಕೇಳಿದಳು. ಕಸದ ರಾಶಿ ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ, ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂದು ವಿಚಾರಿಸಿದಳು. ಯಹೂದಿ ಅಜ್ಜಿಗೆ ಮಾತ್ರ ವಿವರಿಸಲೇ ಬೇಕಾಗಲಿಲ್ಲ. “ಒ, ಒಳ್ಳೇ ಹೆಸರು. ಮೂಗು ಮುಚ್ಚಿಕೊಂಡು ಹೊರಟುಹೋಗ್ತಾನೆ” ಎಂದು ತೊಡೆ ತಟ್ಟಿಕೊಂಡರು.

ಔಷಧವೋ, ಓಟ್ಸ್ ತೌಡೋ, ಮಗನ ಮೈಗೆ ನಿಧಾನವಾಗಿ ಬಣ್ಣ ಮರಳಿತು. ಗಂಟಲಿನ ಕೊಳವೆ ತೆಗೆದರು. ನನ್ನ ಬೆರಳನ್ನು ಹಿಡಿದು ಬಿಡಲೊಲ್ಲೆ ಎಂದ. ಇನ್ನು ಭಯ ಬೇಡ ಎಂದರು ಡಾಕ್ಟರ್. ಹಾಗೆ ಹೇಳಿದ್ದಕ್ಕೇ ನನಗೆ ಭಯವಾಯಿತು.

ಆ ವಾರವೇ ಒಂದು ಬೆಳಿಗ್ಗೆ ನಾವು ಒಳಗೆ ಹೋದಾಗ ಪಕ್ಕದ ಪೆಟ್ಟಿಗೆಯ ಸುತ್ತ ಪರದೆ ಎಳೆದಿತ್ತು. ಆ ಕಡೆಯ ಯಂತ್ರಗಳು ಕೂಗುತ್ತಿರಲಿಲ್ಲ. ನರ್ಸ್ ನಮ್ಮನ್ನು ಒಳಗೆ ಬಿಡದೆ, ಸ್ವಲ್ಪ ಹೊತ್ತು ಆಚೆ ಕೋಣೆಯಲ್ಲಿ ಕೂತಿರಿ ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಹೊಟ್ಟೆಯ ಕರುಳಿಗೆ ಏನೋ ಆಗಿ ಒಂದೇ ದಿನದಲ್ಲಿ ಮಗು ಹೋಯಿತೆಂದು ಆಮೇಲೆ ತಿಳಿಯಿತು.

ನಾನು ಅಂದುಕೊಳ್ಳಬಾರದ್ದನ್ನು ಅಂದುಕೊಂಡೆ. ಅಷ್ಟೇ ಅಲ್ಲ, ಹೆಂಡತಿಗೆ ಹೇಳಿಯೂಬಿಟ್ಟೆ. ಬಾಗಿಲವರೆಗೆ ಬಂದವನು ನಾವು ಕೊಟ್ಟ ಹೆಸರು ಸಿಗದೆ ಪಕ್ಕಕ್ಕೆ ತಿರುಗಿದನೇನೋ ಎಂದೆ. ಅವಳು ನನ್ನ ಮಣಿಕಟ್ಟು ನೋಯುವಷ್ಟು ಬಿಗಿಯಾಗಿ ಹಿಡಿದಳು. “ಇನ್ನೊಂದ್ಸಲ ಹಾಗಂದ್ರೆ ನಾನು ನಿನ್ನ ಜೊತೆ ಮಾತಾಡಲ್ಲ. ಅವ್ರ ಎದುರಿಗೆ ಅಂತೂ ಅದು ನಿನ್ನ ಮುಖದಲ್ಲೂ ಕಾಣಬಾರದು” ಎಂದಳು.

ಅಜ್ಜಿ ಇನ್ನು ಇತ್ತ ಬರುವುದಿಲ್ಲ ಎಂದು ನಾನು ಒಳಗೊಳಗೇ ನಿರಾಳವಾಗಿದ್ದೆ. ಬಂದರು. ಬಿಟ್ಟುಹೋಗಿದ್ದ ದಿಂಬು ಒಯ್ಯಲು ಒಂದು ಮಧ್ಯಾಹ್ನ, ಅದೇ ನೀಲಿ ವಸ್ತ್ರ ಕಟ್ಟಿಕೊಂಡು ಬಂದರು. ಅವರ ಜಾಗದಲ್ಲಿ ಆಗಲೇ ಬೇರೆ ಪೆಟ್ಟಿಗೆ, ಬೇರೆ ಮಗು. ಹೆಂಡತಿ ಎದ್ದು ಅವರನ್ನು ಅಪ್ಪಿಕೊಂಡಳು. ನಾನು ಬೇಸಿನ್ ಹತ್ತಿರ ಕೈ ತೊಳೆಯುತ್ತಲೇ ಇದ್ದೆ. ಮಗು ಹೇಗಿದೆ ಎಂದು ನನ್ನನ್ನು ಕೇಳಿಬಿಟ್ಟರೆ? ಚೆನ್ನಾಗಿದೆ ಎಂದು ಯಾವ ಬಾಯಲ್ಲಿ ಹೇಳಲಿ?

ಅವರು ಕೇಳಲಿಲ್ಲ. “ನಮ್ಮವನಿಗೆ ಹೆಸರಿಟ್ಟೆವು” ಎಂದರು.

ಹೆಂಡತಿಗೆ ಅರ್ಥವಾಗಲಿಲ್ಲ. “ಈಗಾ?”

“ಮಣ್ಣಿಗೆ ಕೊಡೋ ಹೊತ್ತಿಗೆ. ಹೆಸರಿಲ್ಲದೆ ಕಳಿಸೋ ಹಾಗಿಲ್ಲ. ದೇವರು ಸತ್ತವರನ್ನೆಲ್ಲ ಎಬ್ಬಿಸೋ ದಿನ ಅವನನ್ನೂ ಕರೀಬೇಕಲ್ಲ.”

ಕೇಳಬೇಡ, ಕೇಳಬೇಡ ಎಂದು ನಾನು ಮನಸ್ಸಿನಲ್ಲೇ ಹೆಂಡತಿಯನ್ನು ಬೇಡಿಕೊಂಡೆ. ಅವಳು ಕೇಳಿದಳು. “ಏನ್ ಹೆಸರು?”

“ರಫಾಯೇಲ.” ಅಷ್ಟು ದಿನ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದ ಅಜ್ಜಿ ಅದನ್ನು ಗಟ್ಟಿಯಾಗಿ ಹೇಳಿದರು. ಆ ಕಡೆಯ ನರ್ಸ್‌ಗಳು ತಿರುಗಿ ನೋಡಿದರು. “ಹುಟ್ಟಿದ ದಿನವೇ ನಾನೂ ನನ್ನ ಮಗಳೂ ಇದೇ ಅಂತ ಇಟ್ಟುಕೊಂಡಿದ್ದೆವು. ಬಾಯಿ ಬಿಡೋಕೆ ಹೆದರಿಕೆ. ಬದುಕಿದ್ದಾಗ ಒಂದು ಸಲಾನೂ ಕರೀಲಿಲ್ಲ ಅವನನ್ನು.”

ಮತ್ತೊಮ್ಮೆ ಕರೆದರು, ಯಾರೋ ಪಕ್ಕದ ಕೋಣೆಯಲ್ಲಿ ಆಡುತ್ತಿರುವವನನ್ನು ಊಟಕ್ಕೆ ಕರೆದ ಹಾಗೆ. ಅವರ ಹತ್ತಿರ ಹೋಗಲು ನನ್ನಿಂದಾಗಲಿಲ್ಲ. ಒದ್ದೆ ಕೈಯಲ್ಲೇ ಮಗನ ಪೆಟ್ಟಿಗೆಯ ಮುಂದೆ ಬಂದು, ಅವರ ಕಣ್ಣಿಗೆ ಅವನು ಬೀಳದ ಹಾಗೆ ಅಡ್ಡ ನಿಂತೆ.